ಆ ವರ್ಷ ಮುಟ್ಟಬೇಡ

ಹಳೆಯ ಕಂಪ್ಯೂಟರ್ ರಿಪೇರಿ ಮಾಡುವವರೆಲ್ಲ ಒಂದಲ್ಲ ಒಂದು ದಿನ ಸುಳ್ಳು ಹೇಳಿರುತ್ತಾರೆ. ತಮಗೆ ತಿಳಿಯದ್ದನ್ನು "ಬೋರ್ಡ್ ಹೋಗಿದೆ" ಎಂದು ಮುಗಿಸಿರುತ್ತಾರೆ. ನಾನು ಹೇಳಿದ ಸುಳ್ಳೂ ಅಂಥದ್ದೇ, ಆದರೆ ಅದು ಒಬ್ಬ ಹೆಂಗಸಿನ ತಲೆಯ ಮೇಲೆ ಹೋಗಿ ಬಿತ್ತು. ಬಹಳ ದಿನ ಈ ಕಥೆ ಹೇಳುವಾಗ ನನ್ನ ಪಾಲನ್ನು ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ.

ಇಥಿಯೋಪಿಯಾದ ಗೊಂಡರ್‌ನ ಪಿಯಾಸ್ಸಾ ಪೇಟೆಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ನನ್ನ ಅಂಗಡಿ. ಆಡಿಸ್ ಅಬಾಬಾದಲ್ಲಿ ಎರಡು ವರ್ಷ ಓದಿ ಒಂದು ಡಿಪ್ಲೊಮಾ ತಂದವನು ನಾನು. ಊರಿನವರು "ಎಂಜಿನಿಯರ್ ಗೆಟ್ನೆತ್" ಎಂದು ಕರೆಯತೊಡಗಿದರು. ನಾನು ಎಂಜಿನಿಯರ್ ಅಲ್ಲ ಎಂದು ಒಮ್ಮೆಯೂ ತಿದ್ದಲಿಲ್ಲ. ಪುಕ್ಕಟೆ ಸಿಕ್ಕ ಕಿರೀಟವನ್ನು ಯಾರು ತಾನೆ ಕೆಳಗಿಡುತ್ತಾರೆ?

ವೈಝೆರೊ, ಅಂದರೆ ಶ್ರೀಮತಿ, ಅಸ್ನಾಕೆಚ್ ಅವರ ಕಸೂತಿ ಅಂಗಡಿಯಿಂದ ಕರೆ ಬಂದದ್ದು ನಮ್ಮ ಕ್ರಿಸ್ಮಸ್ಸಾದ ಗೆನ ಹಬ್ಬದ ಮರುದಿನ. ಇನ್ನು ಹನ್ನೊಂದು ದಿನಕ್ಕೆ ತಿಮ್ಕೆತ್, ಯೇಸುವಿನ ಜ್ಞಾನಸ್ನಾನದ ಹಬ್ಬ. ತಿಮ್ಕೆತ್ ದಿನ ಊರಿಗೆ ಊರೇ ಹೊಸ ಬಿಳಿ ಬಟ್ಟೆ ಉಟ್ಟು ಕೊಳದ ಹತ್ತಿರ ನೆರೆಯುತ್ತದೆ. "ತಿಮ್ಕೆತ್‌ಗೆ ಒದಗದ ಬಟ್ಟೆ ಚಿಂದಿಯಾಗಿ ಹೋಗಲಿ" ಎಂಬ ಗಾದೆಯನ್ನು ನಮ್ಮ ಹೆಂಗಸರು ತಮಾಷೆಗೆ ಹೇಳುವುದಿಲ್ಲ. ಆ ಹನ್ನೊಂದು ದಿನಗಳಲ್ಲಿ ಕಸೂತಿ ಅಂಗಡಿಯವರಿಗೆ ಉಸಿರು ಬಿಡಲೂ ಪುರುಸೊತ್ತಿರುವುದಿಲ್ಲ.

"ಮಷೀನು ಓಡ್ತಿದೆ ಎಂಜಿನಿಯರ್ರೇ. ಕಂಪ್ಯೂಟರ್ ಮಾತ್ರ ಬಲು ನಿಧಾನ. ದಿನಾ ಬೆಳಿಗ್ಗೆ ಹಚ್ಚಿದ ತಕ್ಷಣ ತಾರೀಕು ಎಷ್ಟು ಅಂತ ಕೇಳುತ್ತೆ. ಹಬ್ಬಕ್ಕೆ ಮುಂಚೆ ಒಂಚೂರು ಚುರುಕು ಮಾಡ್ಕೊಡಿ," ಎಂದರು ವೈಝೆರೊ ಅಸ್ನಾಕೆಚ್.

ಓಡುತ್ತಿರುವ ಯಂತ್ರವನ್ನು ಮುಟ್ಟಬಾರದು. ಈ ಮಾತು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಪಾಲಿಸುವುದಿಲ್ಲ.

ಅವತ್ತೇ ಹೋದೆ. ಅವರ ಅಂಗಡಿ ಒಂದು ಉದ್ದನೆಯ ಕೋಣೆ. ಕಿಟಕಿಗಳು ಚಿಕ್ಕವು, ಬೆಳಕೆಲ್ಲ ಬಾಗಿಲಿಂದಲೇ ಬರಬೇಕು. ಆ ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಚಾಳಿಯದು. ಅದಕ್ಕೆ ಒಂದು ಒಡೆದ ಬೀಸುಕಲ್ಲನ್ನು ಒರಗಿಸಿ ಇಟ್ಟಿದ್ದರು. ಗೋಡೆಯುದ್ದಕ್ಕೂ ಆರು ಜನ ಹುಡುಗಿಯರು ಕೂತು ಬಟ್ಟೆ ಕತ್ತರಿಸುತ್ತ, ಗುಂಡಿ ಹಾಕುತ್ತ, ಬಾಯಿಗೆ ಬಿಡುವಿಲ್ಲದೆ ಹರಟುತ್ತಿದ್ದರು. ಒಳಗಿನ ಮೂಲೆಯಲ್ಲಿ ತಿಬೆಬ್ ಹೊಲಿಯುವ ದೊಡ್ಡ ಯಂತ್ರ. ಲಂಗದ ಅಂಚಿನಲ್ಲಿ, ಎದೆಯ ಮೇಲಿನ ಶಿಲುಬೆಯಲ್ಲಿ ಬರುವ ಆ ಬಣ್ಣದ ಚಿತ್ತಾರಕ್ಕೇ ತಿಬೆಬ್ ಅನ್ನುವುದು. ಚಿತ್ತಾರ ಇರುವುದು ಕಂಪ್ಯೂಟರ್‌ನಲ್ಲಿ. ಅಲ್ಲಿಂದ ಯಂತ್ರಕ್ಕೆ ಅದನ್ನು ದಾಟಿಸಲು ನಡುವೆ ಸಾಬೂನಿನ ಗಾತ್ರದ ಒಂದು ಬೂದು ಪೆಟ್ಟಿಗೆ.

ಪೆಟ್ಟಿಗೆಯ ಭಾಷೆ ಕಂಪ್ಯೂಟರ್‌ಗೆ ತಿಳಿಯದು. ಇಬ್ಬರ ನಡುವೆ ದುಭಾಷಿಯ ಹಾಗೆ ಒಂದು ಸಣ್ಣ ಪ್ರೋಗ್ರಾಂ ಕೂತಿರುತ್ತದೆ, ಅದನ್ನು ಡ್ರೈವರ್ ಅನ್ನುತ್ತೇವೆ. ಪೆಟ್ಟಿಗೆ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಆ ಡ್ರೈವರ್ ಈ ಕಂಪ್ಯೂಟರ್‌ನಲ್ಲಿ ಮತ್ತು ಒಂದು ಸಿಡಿಯಲ್ಲಿ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಸಿಗುತ್ತಿರಲಿಲ್ಲವೋ ಏನೋ. ಸಿಡಿಯನ್ನು ಎತಿಯೆ ತ್ರಿಂಗೊ ಬಿಳಿ ಬಟ್ಟೆಯಲ್ಲಿ ಸುತ್ತಿ ನೂಲಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು.

ಎತಿಯೆ ತ್ರಿಂಗೊ ಆ ಯಂತ್ರ ನಡೆಸುವವರು. ಐವತ್ತು ದಾಟಿದ, ಸಣ್ಣ ಮೈಕಟ್ಟಿನ ಹೆಂಗಸು. ವೈಝೆರೊ ಒಬ್ಬರನ್ನು ಬಿಟ್ಟು ಉಳಿದೆಲ್ಲರೂ ಅವರನ್ನು ಎತಿಯೆ ಎಂದೇ, ಅಂದರೆ ಅಕ್ಕ ಎಂದೇ ಕರೆಯುವುದು. ಇಪ್ಪತ್ತು ವರ್ಷ ಕೈಯಲ್ಲೇ ತಿಬೆಬ್ ಹೊಲಿದು ಕಣ್ಣು ಮಂಜಾದ ಮೇಲೆ ಯಂತ್ರಕ್ಕೆ ಬಂದವರು. ಯಂತ್ರ ತಂದು ಕೂರಿಸಿದ ಗಾಶೆ ಅಸ್ರಾತ್ ಎಂಬ ಮುದುಕ ಅವರಿಗೆ ಅದನ್ನು ಕಲಿಸಿ, ಆಮೇಲೆ ತೀರಿಕೊಂಡಿದ್ದ.

ಕಂಪ್ಯೂಟರ್ ಹಚ್ಚಿದೆ. ಒಳಗಿನ ಸೆಲ್ ಸತ್ತಿತ್ತು, ಹಾಗಾಗಿ ಪ್ರತಿ ಬೆಳಿಗ್ಗೆ ಅದಕ್ಕೆ ದಿನ ಮರೆತುಹೋಗುತ್ತಿತ್ತು. ಎತಿಯೆ ತ್ರಿಂಗೊ ನನ್ನ ಪಕ್ಕದಿಂದ ಕೈ ಚಾಚಿ, ಗೋಡೆಯ ಮೇಲಿನ ಚರ್ಚಿನ ಕ್ಯಾಲೆಂಡರ್ ನೋಡಿಕೊಂಡು ತಾರೀಕು ಒತ್ತಿದರು. ವರ್ಷ 2010.

ನಮ್ಮ ಲೆಕ್ಕದಲ್ಲಿ ಅದು ಸರಿಯೇ. ನಮ್ಮ ಪಂಚಾಂಗ ಬಿಳಿಯರ ಪಂಚಾಂಗಕ್ಕಿಂತ ಏಳೆಂಟು ವರ್ಷ ಹಿಂದೆ, ತಿಂಗಳೂ ಹದಿಮೂರು. ಅವರಿಗೆ ಅದು 2018. ಆದರೆ ಕಂಪ್ಯೂಟರ್‌ಗೆ ತಿಳಿಯುವುದು ಫೆರೆಂಜ್ ಜನರ, ಅಂದರೆ ಬಿಳಿಯರ ವರ್ಷ ಮಾತ್ರ. ನನಗೆ ನಗು ತಡೆಯಲಾಗಲಿಲ್ಲ.

"ಎತಿಯೆ, ಎಷ್ಟು ವರ್ಷದಿಂದ ಹೀಗೆ ಮಾಡ್ತಿದೀರಿ?"

"ಗಾಶೆ ಅಸ್ರಾತ್ ಹೇಳ್ಕೊಟ್ಟಾಗಿಂದ. ಕ್ಯಾಲೆಂಡರ್ ನೋಡಿ ತಾರೀಕು ಹಾಕು ಅಂದಿದ್ರು."

"ಯಾವ ಕ್ಯಾಲೆಂಡರ್ ಅಂತ ಹೇಳಲಿಲ್ವಾ?"

"ಇರೋದು ಒಂದೇ ಅಲ್ವಾ?" ಎಂದು ಅವರು ಗೋಡೆ ತೋರಿಸಿದರು.

"ಹಾಗಾದ್ರೆ ಹದಿಮೂರನೇ ತಿಂಗಳಲ್ಲಿ ಏನ್ಮಾಡ್ತೀರಿ? ಅದು ಹನ್ನೆರಡರ ಮೇಲೆ ತಗೊಳಲ್ವಲ್ಲ?"

"ಪಾಗುಮೆಯಲ್ಲಾ? ಐದೇ ದಿನ. ಆ ಐದು ದಿನ ಅದಕ್ಕೂ ರಜೆ, ನನಗೂ ರಜೆ."

ಹುಡುಗಿಯರು ಕಿಸಕ್ಕನೆ ನಕ್ಕರು. ಅವರು ನಕ್ಕದ್ದು ಪ್ರೀತಿಯಿಂದ. ನಾನು ಮಾತ್ರ ಬೇರೆ ಥರ ನಕ್ಕೆ. ಇಡೀ ಕೋಣೆಗೆ ಕೇಳುವ ಹಾಗೆ, ಕೀಬೋರ್ಡಿನ ಮೇಲೆ ಕೈ ಬಡಿದು ನಕ್ಕೆ. "ಪಾಪ, ಕಂಪ್ಯೂಟರ್‌ಗೂ ಕೊರಳಿಗೆ ಶಿಲುಬೆ ಕಟ್ಟಿ ಸಂನ್ಯಾಸಿ ಮಾಡಿಬಿಟ್ಟಿದೀರಿ," ಎಂದೆ. ಅವರೂ ಸ್ವಲ್ಪ ನಕ್ಕರು. ಆಮೇಲೆ ನಗು ನಿಲ್ಲಿಸಿ ಮೆಲ್ಲಗೆ ಹೇಳಿದರು:

"ಉಳಿದದ್ದು ಏನು ಬೇಕಾದ್ರೂ ಮಾಡು ಮಗಾ. ಆ ವರ್ಷ ಮಾತ್ರ ಮುಟ್ಟಬೇಡ. ಒಂದ್ಸಲ ಯಾರೋ ಮುಟ್ಟಿದ್ರು, ಮಷೀನು ಮುನಿಸ್ಕೊಂಡು ಕೂತುಬಿಡ್ತು. ನಾನು ಮತ್ತೆ ನಮ್ಮ ವರ್ಷ ಹಾಕಿದ ಮೇಲೇ ಎದ್ದದ್ದು."

ಇದನ್ನು ಅವರು ಸ್ಪಷ್ಟವಾಗಿ ಹೇಳಿದರು. ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಅಲ್ಲಿಂದ ಮುಂದೆ ನಾನು ಮಾಡಿದ ಯಾವುದಕ್ಕೂ "ಗೊತ್ತಿರಲಿಲ್ಲ" ಎಂಬ ನೆಪ ಇಲ್ಲ.

"ಎತಿಯೆ, ಮಷೀನು ಅತ್ತೆ ಮನೆಗೆ ಬಂದ ಹೊಸ ಸೊಸೆ ಅಲ್ಲ, ಮುನಿಸ್ಕೊಳೋಕೆ," ಎಂದೆ. ಹೊಸ ಸೆಲ್ ಹಾಕಿದೆ. ವರ್ಷ 2018 ಮಾಡಿದೆ. ಧೂಳು ಹೊಡೆದೆ, ಬೇಡದ ಫೈಲುಗಳನ್ನು ಅಳಿಸಿದೆ, ವೈರಸ್ ತಡೆಯುವ ಒಂದು ಪ್ರೋಗ್ರಾಂ ಹಾಕಿದೆ, ಇನ್ನೂ ಐದಾರು ಕೆಲಸ ಮಾಡಿದೆ. ಒಂದೊಂದಾಗಿ ಮಾಡಿ, ಪ್ರತಿ ಸಲ ನೋಡಿಕೊಂಡು ಮುಂದೆ ಹೋಗಬೇಕು ಎಂದು ಮೊದಲ ವರ್ಷದ ಮೊದಲ ಪಾಠದಲ್ಲೇ ಕಲಿಸಿದ್ದರು. ಕೊನೆಗೆ ನನ್ನ ಬುದ್ಧಿವಂತಿಕೆಗೆ ಮುಕುಟವಿಟ್ಟ ಹಾಗೆ ಒಂದು ಚೀಟಿ ಬರೆದು ಮಾನಿಟರ್‌ನ ನೆತ್ತಿಗೆ ಅಂಟಿಸಿದೆ. ಒಬ್ಬ ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು, ಉಳಿದವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಎತಿಯೆ ತ್ರಿಂಗೊ ಚೀಟಿಯ ಕಡೆ ಬಹಳ ಹೊತ್ತು ನೋಡಿದರು. ಅವರಿಗೆ ಓದು ಬಾರದು ಎಂದುಕೊಂಡೆ.

ಕಂಪ್ಯೂಟರ್ ಮತ್ತೆ ಹಚ್ಚಿದೆ. ಅದೇನೋ ಚುರುಕಾಗಿಯೇ ಎದ್ದಿತು. ಆದರೆ ಯಂತ್ರ ಅಲ್ಲಾಡಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸೂಚನೆ ಬಂತು, ನಾನು ಅಭ್ಯಾಸದಂತೆ ಓಕೆ ಒತ್ತಿದೆ. ಮತ್ತೆ ಬಂತು, ಮತ್ತೆ ಒತ್ತಿದೆ. ಡ್ರೈವರ್ ತೆಗೆದು ಸಿಡಿಯಿಂದ ಮತ್ತೆ ಹಾಕಿದೆ. ಮತ್ತೆ ಅದೇ. ಸಂಜೆ ಐದಕ್ಕೆ ಹುಡುಗಿಯರ ಹರಟೆ ನಿಂತಿತ್ತು. ನನ್ನ ಬೆನ್ನಿಗೆ ಏಳು ಜೊತೆ ಕಣ್ಣು ಚುಚ್ಚುತ್ತಿದ್ದವು.

ವೈಝೆರೊ ಅಸ್ನಾಕೆಚ್ ಒಳಗೆ ಬಂದು, "ಏನಾಯ್ತು?" ಎಂದರು.

ಗೊತ್ತಿಲ್ಲ ಅನ್ನಬೇಕಿತ್ತು. ಮೂರೇ ಅಕ್ಷರಕ್ಕೆ ಮುಗಿಯುವ ಮಾತು ನನ್ನ ಬಾಯಿಗೆ ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬೂದು ಪೆಟ್ಟಿಗೆಯನ್ನು ಕೈಗೆತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ವೈದ್ಯರು ತಲೆಯಾಡಿಸುವ ಹಾಗೆ ತಲೆಯಾಡಿಸಿದೆ.

"ಪೆಟ್ಟಿಗೆ ಒಳಗೆ ಸುಟ್ಟಿದೆ. ಯಾರೋ ತಂತಿನ ತಪ್ಪು ಜಾಗಕ್ಕೆ ಚುಚ್ಚಿದಾರೆ. ಇವತ್ತಿನದಲ್ಲ, ಬಹಳ ದಿನದಿಂದ ಹೀಗೇ ನಡೆಸ್ಕೊಂಡು ಬಂದಿದಾರೆ."

ಯಾರೋ ಎಂದೆ. ಆ ಯಂತ್ರ ಮುಟ್ಟುವವರು ಇಡೀ ಅಂಗಡಿಯಲ್ಲಿ ಒಬ್ಬರೇ.

"ನಾನು ಆ ತಂತಿ ತೆಗೆದೇ ಇಲ್ಲ ಅಮ್ಮಾ," ಎಂದರು ಎತಿಯೆ ತ್ರಿಂಗೊ. "ವರ್ಷ ಬದಲಾಯಿಸಿದ್ರಲ್ಲ, ಅದಕ್ಕೇ ಹೀಗೆ."

"ಎಂಜಿನಿಯರ್‌ಗಿಂತ ನಿನಗೆ ಜಾಸ್ತಿ ಗೊತ್ತಾ?" ಎಂದರು ವೈಝೆರೊ. "ನಲವತ್ತು ಲಂಗ ಬಾಕಿ ಇದೆ ತ್ರಿಂಗೊ! ನಲವತ್ತು ಮನೆ ಹೆಂಗಸರು ಬಂದು ನನ್ನ ಬಾಗಿಲಲ್ಲಿ ಕೂತ್ರೆ ನೀನು ಉತ್ತರ ಕೊಡ್ತೀಯಾ?"

ಎತಿಯೆ ನನ್ನ ಕಡೆ ನೋಡಿದರು. ನಾನು ಸ್ಕ್ರೂ ಹುಡುಕುವ ನೆಪದಲ್ಲಿ ಬಗ್ಗಿದೆ.

ಕಂಪ್ಯೂಟರ್, ಪೆಟ್ಟಿಗೆ, ಸಿಡಿ ಎಲ್ಲವನ್ನೂ ನನ್ನ ಅಂಗಡಿಗೆ ಹೊತ್ತುಕೊಂಡು ಬಂದೆ. ಮೂರು ದಿನ ಒದ್ದಾಡಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಆ ಪೆಟ್ಟಿಗೆಯ ಹೆಸರೇ ಯಾರಿಗೂ ಗೊತ್ತಿಲ್ಲ. ಅದಕ್ಕೆ ಹೋಲುವ ಬೇರೆ ಡ್ರೈವರ್‌ಗಳನ್ನು ತಂದು ತುರುಕಿದೆ, ಯಾವುದೂ ಹಿಡಿಯಲಿಲ್ಲ. ಅತ್ತ ಅಂಗಡಿಯಲ್ಲಿ ಎತಿಯೆ ತ್ರಿಂಗೊ ಅವರನ್ನು ಯಂತ್ರದ ಮುಂದಿನ ಕುರ್ಚಿಯಿಂದ ಎಬ್ಬಿಸಿ, ಬಾಗಿಲ ಹೊರಗೆ ಮಣೆಯ ಮೇಲೆ ಕೂರಿಸಿ, ಬಟ್ಟೆಯ ಅಂಚಿನ ಎಳೆ ಕತ್ತರಿಸಲು ಹಾಕಿದ್ದಾರೆಂದು ಬೇಕರಿಗೆ ಬಂದ ಹುಡುಗಿಯೊಬ್ಬಳು ಹೇಳಿದಳು. ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ ಅದು. ಕುರ್ಚಿ ಈಗ ವೈಝೆರೊ ಅವರ ತಂಗಿಯ ಮಗಳು ಮೆಕ್ದೆಸ್‌ಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು, ಬರೆ ಕಾಯಿಸಿ ಕೊಟ್ಟವನು ನಾನು.

ನಾಲ್ಕನೆಯ ದಿನ ಶುಕ್ರವಾರ, ಮಾಂಸ ಮುಟ್ಟದ ಉಪವಾಸದ ದಿನ. ಮಧ್ಯಾಹ್ನ ಕೆಳಗಿನಿಂದ ಕಡಲೆ ಹಿಟ್ಟಿನ ಶಿರೊ ಮತ್ತು ಇಂಜೆರಾ ರೊಟ್ಟಿ ತರಿಸಿಕೊಂಡು ಕಂಪ್ಯೂಟರ್ ಮುಂದೆಯೇ ಕೂತೆ. ಮೊದಲ ತುತ್ತು ಬಾಯಿಗೆ ಹೋಗುವುದಕ್ಕೂ ಆ ಇಂಗ್ಲಿಷ್ ಸೂಚನೆ ಪರದೆಗೆ ಬರುವುದಕ್ಕೂ ಸರಿಹೋಯಿತು. ಓಕೆ ಒತ್ತಲು ಕೈ ಚಾಚಿದೆ. ಬೆರಳೆಲ್ಲ ಶಿರೊ, ಎಡಗೈಯಲ್ಲಿ ತಟ್ಟೆ. ಮೌಸ್ ಮುಟ್ಟುವ ಹಾಗಿರಲಿಲ್ಲ. ಎಂಜಲು ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು, ಬೇರೆ ದಾರಿಯಿಲ್ಲದೆ, ನಾಲ್ಕು ದಿನದಲ್ಲಿ ಮೊದಲ ಸಲ ಆ ಸೂಚನೆಯನ್ನು ಕೊನೆಯವರೆಗೆ ಓದಿದೆ.

ಈ ಡ್ರೈವರ್‌ಗೆ ಹಾಕಿರುವ ಸಹಿಯ ಅವಧಿ 2011ರ ಕೊನೆಗೆ ಮುಗಿದಿದೆ, ಈ ಕಂಪ್ಯೂಟರ್‌ನ ಗಡಿಯಾರದ ಪ್ರಕಾರ ಇದು ಚಲಾವಣೆಯಲ್ಲಿಲ್ಲ ಎಂದಿತ್ತು ಅದರಲ್ಲಿ.

ಡ್ರೈವರ್ ಮಾಡಿದವರು ಅದು ತಮ್ಮದೇ ಎಂದು ಒಳಗೆ ಸಹಿ ಹಾಕಿರುತ್ತಾರೆ, ಆ ಸಹಿಗೆ ಇಂತಿಷ್ಟು ವರ್ಷ ಎಂದು ಆಯುಸ್ಸು ಇರುತ್ತದೆ. ಈ ಹಾಳು ಡ್ರೈವರ್ ಪ್ರತಿ ಸಲ ಹಚ್ಚಿದಾಗಲೂ ಗಡಿಯಾರ ನೋಡಿ, ಸಹಿ ಇನ್ನೂ ಬದುಕಿದೆಯೇ ಎಂದು ಕೇಳಿಕೊಂಡೇ ಮುಂದೆ ಹೋಗುವ ಜಾತಿಯದು. ಸಹಿ ಸತ್ತು ಆರು ವರ್ಷ ಆಗಿತ್ತು. ಹೊರಗಿನ ಲೋಕದಲ್ಲಿ ಈ ಪೆಟ್ಟಿಗೆಗಳೆಲ್ಲ ಕಸದ ಗುಂಡಿ ಸೇರಿದ್ದು ಅದಕ್ಕೇ ಇರಬೇಕು. ಇಲ್ಲಿ ಮಾತ್ರ ಒಬ್ಬ ಹೆಂಗಸು ಪ್ರತಿ ಬೆಳಿಗ್ಗೆ ಗೋಡೆ ನೋಡಿಕೊಂಡು ಅದಕ್ಕೆ ನಮ್ಮ ವರ್ಷ ಹೇಳಿ ಬದುಕಿಸುತ್ತ ಬಂದಿದ್ದರು.

ತಟ್ಟೆ ಕೆಳಗಿಟ್ಟೆ. ಕೈ ತೊಳೆದುಕೊಂಡು ಬಂದು ವರ್ಷ 2010 ಮಾಡಿದೆ. ಪೆಟ್ಟಿಗೆಯ ಹಸಿರು ದೀಪ ಹೊತ್ತಿಕೊಂಡಿತು. ನನ್ನ ಕಿವಿ, ಕೆನ್ನೆ, ಕತ್ತು ಎಲ್ಲ ಬಿಸಿಯಾಯಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಆದರೂ ಎದ್ದು ಹೋಗಿ ಬಾಗಿಲು ಹಾಕಿಕೊಂಡೆ.

ಅವತ್ತೇ ಹೋಗಿ ಹೇಳಿದ್ದರೆ ಅದು ಬರೀ ತಪ್ಪಾಗಿ ಉಳಿಯುತ್ತಿತ್ತು. ಹೇಳಲೇಬೇಕು ಎಂದುಕೊಂಡೇ ಕಂಪ್ಯೂಟರ್ ಹೊತ್ತು ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಲ್ಲಿ ಬಾಗಿಲ ಹೊರಗೆ ಮಣೆಯ ಮೇಲೆ ಎತಿಯೆ ತ್ರಿಂಗೊ ಕೂತಿದ್ದರು, ಮಂಜುಗಣ್ಣಿನ ಹತ್ತಿರ ಬಟ್ಟೆ ಹಿಡಿದು ಎಳೆ ಹುಡುಕುತ್ತಿದ್ದರು. "ಬಂದ್ಯಾ ಮಗಾ, ಚೆನ್ನಾಗಿದೀಯಾ? ಮನೇಲಿ ಎಲ್ಲಾ ಹೇಗಿದಾರೆ?" ಎಂದು ಎಂದಿನಂತೆ ಕೇಳಿದರು. ನಾನು ತಲೆ ತಗ್ಗಿಸಿ ಒಳಗೆ ನುಗ್ಗಿದೆ.

ಯಂತ್ರ ಓಡಿತು. ಸೂಜಿಗಳು ಕಟಕಟ ಎಂದವು. ವೈಝೆರೊ ಅಸ್ನಾಕೆಚ್ ಎರಡೂ ಕೈ ಮೇಲೆತ್ತಿ ದೇವರಿಗೂ ನನಗೂ ಒಟ್ಟಿಗೇ ಕೃತಜ್ಞತೆ ಹೇಳಿದರು.

"ಸುಟ್ಟ ಪೆಟ್ಟಿಗೆನೂ ಬದುಕಿಸಿಬಿಟ್ರಲ್ಲಾ! ಕೈ ಮುಗೀಬೇಕು ನಿಮಗೆ. ಒಳಗೆ ಏನು ಹೋಗಿತ್ತು?"

ಜೋಡಿಸಿಟ್ಟ ಮಾತು ಬಾಯಿಗೆ ಬಂದು ಹಲ್ಲಿನ ಹಿಂದೆ ನಿಂತಿತು. "ಸಣ್ಣದೊಂದು ಭಾಗ," ಎಂದೆ. "ಬದಲಾಯಿಸಿದೆ."

ಎರಡನೆಯ ಸುಳ್ಳು ಇದು. ಮೊದಲನೆಯದನ್ನು ತಿಳಿಯದೆ ಹೇಳಿದ್ದೆ ಎಂದಾದರೂ ಅನ್ನಬಹುದು. ಇದಕ್ಕೆ ಆ ರಿಯಾಯಿತಿಯೂ ಇಲ್ಲ.

"ತ್ರಿಂಗೊ, ಎಂಜಿನಿಯರ್‌ಗೆ ಕಾಫಿ ಮಾಡು," ಎಂದರು ವೈಝೆರೊ.

ಎತಿಯೆ ಒಳಗೆ ಬಂದು, ಕಾಳು ಹುರಿದು, ಕುಟ್ಟಿ, ಮಣ್ಣಿನ ಹೂಜಿ ಜೆಬೆನಾದಲ್ಲಿ ಕುದಿಸಿ, ಮೊದಲ ಸುತ್ತು ಬಗ್ಗಿಸಿ ಕೊಟ್ಟರು. ಬಟ್ಟಲು ಕೊಡುವಾಗ ಅವರ ಕಣ್ಣು ಪರದೆಯ ಮೂಲೆಗೆ ಹೋಯಿತು. ಅಲ್ಲಿ 2010 ಎಂದಿತ್ತು. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ನನ್ನನ್ನು ನೋಡಿದರು. ತಿರುಗಿ ಎರಡನೆಯ ಸುತ್ತಿಗೆ ನೀರು ಹಾಕಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎರಡನೆಯ ಸುತ್ತು ಕುಡಿದೆ. ಮೂರನೆಯ ಸುತ್ತಿನ ಹೆಸರೇ ಬೆರೆಕಾ, ಆಶೀರ್ವಾದ. ಅದನ್ನು ಕುಡಿಯದೆ ಏಳುವುದು ಮನೆಯವರ ಮುಖಕ್ಕೆ ಬೆನ್ನು ಮಾಡಿದ ಹಾಗೆ.

"ತುರ್ತು ಕೆಲಸ ಇದೆ," ಎಂದು ಎದ್ದುಬಿಟ್ಟೆ.

"ಬೆರೆಕಾ ಬಾಕಿ ಇದೆ ಮಗಾ," ಎಂದರು ಎತಿಯೆ ತ್ರಿಂಗೊ. ನಾನು ಆಗಲೇ ಹೊಸ್ತಿಲು ದಾಟಿದ್ದೆ. ಮಾನಿಟರ್ ಮೇಲಿನ ಚೀಟಿಯನ್ನು ಕಿತ್ತುಹಾಕಬೇಕು ಎಂದು ಹೊಳೆದದ್ದು ಬೀದಿಯಲ್ಲಿ. ಹಿಂದಿರುಗಲು ಧೈರ್ಯ ಬರಲಿಲ್ಲ.

ಆಮೇಲಿನ ಮೂರು ದಿನ ನಾನು ಆ ಬೀದಿಯಲ್ಲಿ ನಡೆಯಲಿಲ್ಲ. ಹೇಗೂ ಯಂತ್ರ ಓಡುತ್ತಿದೆ, ಹಬ್ಬ ಕಳೆಯಲಿ, ಎತಿಯೆಯನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ ಎಂದು ವೈಝೆರೊ ಅವರಿಗೆ ಹೊರಗಿನಿಂದಲೇ ಒಂದು ಶಿಫಾರಸು ಮಾಡೋಣ ಎಂದು ಮನಸ್ಸಿಗೆ ಬೆಣ್ಣೆ ಹಚ್ಚಿಕೊಂಡೆ. ಕಳ್ಳನೇ ಬಂದು ಕದ್ದ ಮನೆಗೆ ಬೀಗ ದಾನ ಮಾಡುವ ಯೋಚನೆ ಅದು.

ಹಬ್ಬಕ್ಕೆ ಮೂರು ದಿನ ಇರುವಾಗ ಬೆಳಿಗ್ಗೆ ಫೋನು ಬಂತು.

"ಮತ್ತೆ ನಿಂತುಹೋಯ್ತು ಎಂಜಿನಿಯರ್ರೇ!" ವೈಝೆರೊ ಅವರ ದನಿ ಒಡೆದಿತ್ತು. "ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಕಸ ಗುಡಿಸೋಕೆ ಒಳಗೆ ಬಂದವಳು ತ್ರಿಂಗೊ ಒಬ್ಬಳೇ. ಕುರ್ಚಿ ಹೋಯ್ತು ಅನ್ನೋ ಹೊಟ್ಟೆಕಿಚ್ಚಿಗೆ ಏನೋ ಮಾಡಿದಾಳೆ. ಸಾಕು. ಇವತ್ತೇ ಮನೆಗೆ ಕಳಿಸ್ತಿದೀನಿ, ಇನ್ನು ಈ ಬೀದಿಯಲ್ಲಿ ಯಾರೂ ಅವಳಿಗೆ ಕೆಲಸ ಕೊಡದ ಹಾಗೆ ಮಾಡ್ತೀನಿ."

ಓಡಿದೆ. ಮೂವತ್ತೈದರ ಗಂಡಸು ಪಿಯಾಸ್ಸಾದಲ್ಲಿ ಓಡಿದರೆ ಜನ ಕಳ್ಳ ಅನ್ನುತ್ತಾರೆ. ಅನ್ನಲಿ ಬಿಡಿ, ಹೆಚ್ಚು ತಪ್ಪೇನೂ ಇರಲಿಲ್ಲ.

ಎತಿಯೆ ತ್ರಿಂಗೊ ಬಾಗಿಲ ಹತ್ತಿರ ನಿಂತಿದ್ದರು. ನೆಟೆಲಾ ಶಾಲು ಹೊದ್ದು, ಕತ್ತರಿ ಮತ್ತು ಬೆರಳಟೋಪಿ ಇದ್ದ ಚಿಕ್ಕ ಚೀಲ ಹಿಡಿದುಕೊಂಡು. ಹೊರಟವರು ನನ್ನನ್ನು ಕಂಡು ನಿಂತರು. ಒಳಗೆ ಮೆಕ್ದೆಸ್ ಅಳು ನುಂಗಿಕೊಂಡು ಕುರ್ಚಿಯ ಪಕ್ಕ ನಿಂತಿದ್ದಳು. ಪರದೆಯ ಮೂಲೆಯಲ್ಲಿ 2018.

"ನಾನೇ ಮಾಡಿದ್ದು ಎಂಜಿನಿಯರ್ರೇ," ಎಂದು ಅವಳು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ನಿನ್ನೆ ಸಂಜೆ ಮುಚ್ಚೋವಾಗ ನೋಡಿದೆ, ವರ್ಷ ತಪ್ಪಿತ್ತು. ನೀವೇ ಚೀಟಿಯಲ್ಲಿ ಬರೆದಿದೀರಲ್ಲ, ಅದರ ಹಾಗೆ ಸರಿ ಮಾಡಿದೆ. ದೊಡ್ಡಮ್ಮನಿಗೆ ಹೇಳ್ಬೇಡಿ, ಕಾಲಿಗೆ ಬೀಳ್ತೀನಿ."

ದಾರಿ ಮತ್ತೆ ತೆರೆದಿತ್ತು, ಅದೂ ಎಷ್ಟು ಅಗಲವಾಗಿ! ಮೆಲ್ಲಗೆ ವರ್ಷ ತಿದ್ದಿ, ಪೆಟ್ಟಿಗೆಯ ಮೇಲೆ ಇನ್ನೊಂದು ಸುಳ್ಳು ಹೊರಿಸಿದರೆ ಆಯಿತು. ಹುಡುಗಿ ಉಳಿಯುತ್ತಾಳೆ, ನಾನು ಉಳಿಯುತ್ತೇನೆ, ಬಾಗಿಲಲ್ಲಿ ನಿಂತವರು ಚೀಲ ಹಿಡಿದು ಹೋಗುತ್ತಾರೆ. ನನ್ನ ಬೆರಳು ತಾನಾಗಿಯೇ 2010 ಒತ್ತಿತು. ಮತ್ತೊಮ್ಮೆ ಹಚ್ಚಿದೆ. ಹಸಿರು ದೀಪ ಬಂತು. ಸೂಜಿಗಳು ಎದ್ದವು.

"ಏನಾಗಿತ್ತು?" ಎಂದರು ವೈಝೆರೊ.

"ಸಣ್ಣ ತಪ್ಪು... ಆಗಿಬಿಟ್ಟಿತ್ತು," ಎಂದೆ.

"ಯಾರಿಂದ ಆಯ್ತು ಮಗಾ?"

ಕೇಳಿದ್ದು ಎತಿಯೆ ತ್ರಿಂಗೊ. ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳುವವರ ಹಾಗೆ ಕೇಳಿದರು.

"ನನ್ನಿಂದ," ಎಂದೆ.

ಒಂದು ಸಲ ಬಾಯಿಬಿಟ್ಟ ಮೇಲೆ ಉಳಿದದ್ದು ವಾಂತಿಯ ಹಾಗೆ ಬಂತು. ಪೆಟ್ಟಿಗೆ ಎಂದೂ ಸುಟ್ಟಿರಲಿಲ್ಲ. ಯಾವ ಭಾಗವನ್ನೂ ನಾನು ಬದಲಾಯಿಸಿರಲಿಲ್ಲ. ಎತಿಯೆ ಮೊದಲ ದಿನವೇ ಹೇಳಿದ್ದರು, ನಾನು ನಕ್ಕಿದ್ದೆ. ಶುಕ್ರವಾರವೇ ನಿಜ ತಿಳಿದಿತ್ತು, ಬಾಯಿ ಮುಚ್ಚಿಕೊಂಡಿದ್ದೆ. ಮೆಕ್ದೆಸ್ ಮಾಡಿದ್ದು ನಾನು ಬರೆದಿಟ್ಟ ಕೆಲಸವನ್ನೇ. ಎಲ್ಲ ಹೇಳಿದೆ. ಹುಡುಗಿಯರ ಕತ್ತರಿಗಳು ನಿಂತಿದ್ದವು. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ನಮ್ಮಲ್ಲಿ ದೊಡ್ಡ ತಪ್ಪು ಮಾಡಿದವನು ಕತ್ತಿನ ಮೇಲೆ ಕಲ್ಲು ಹೊತ್ತು ಹೋಗಿ ಕ್ಷಮೆ ಕೇಳುವುದುಂಟು. ಅಜ್ಜಂದಿರ ಕಾಲದ್ದು, ಈಗ ಪೇಟೆಯಲ್ಲಿ ಯಾರೂ ಮಾಡುವುದಿಲ್ಲ. ಅವತ್ತು ಅದೇನು ತಲೆಗೆ ಹೊಳೆಯಿತೋ, ಬಾಗಿಲಿಗೆ ಒರಗಿಸಿದ್ದ ಬೀಸುಕಲ್ಲನ್ನು ಎತ್ತಿ ಕತ್ತಿನ ಮೇಲೆ ಇಟ್ಟುಕೊಂಡು ಎತಿಯೆಯ ಮುಂದೆ ಬಗ್ಗಿದೆ. "ದೇವರ ಹೆಸರಲ್ಲಿ ಕ್ಷಮಿಸಿ," ಎಂದೆ. ಹಿಂದೆ ಬಾಗಿಲು ಕಿರ್ರೆಂದು ಮುಚ್ಚಿಕೊಂಡಿತು. ಕೋಣೆ ಕತ್ತಲಾಯಿತು.

"ಇಳಿಸು, ಇಳಿಸು," ಎಂದರು ಎತಿಯೆ. "ಕಲ್ಲು ಅಲ್ಲೇ ಇಡು. ನಲವತ್ತು ಲಂಗ ಬಾಕಿ ಇಟ್ಕೊಂಡು ಇರೋ ಬೆಳಕನ್ನೂ ಮುಚ್ಚಿದ್ಯಲ್ಲೋ."

ಯಾರೋ ಒಬ್ಬಳು ನಕ್ಕಳು. ನಾನು ಕಲ್ಲನ್ನು ಮೊದಲಿದ್ದ ಜಾಗಕ್ಕೆ ಇಟ್ಟೆ. ವೈಝೆರೊ ಅಸ್ನಾಕೆಚ್ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತ, "ತ್ರಿಂಗೊ, ಬಾ, ಕೂತ್ಕೋ," ಎಂದು ಕುರ್ಚಿಯನ್ನು ಸೆರಗಿನಿಂದ ಒರೆಸಿದರು. ಆ ಹೊತ್ತಿನಲ್ಲಿ ತಲೆ ತಗ್ಗಿಸಿದವನು ನಾನೊಬ್ಬನೇ ಅಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಆ ಸಮಾಧಾನಕ್ಕೂ ನಾಚಿಕೆಯಾಯಿತು.

ಎತಿಯೆ ಕುರ್ಚಿಯಲ್ಲಿ ಕೂತು ಚೀಲದಿಂದ ಬೆರಳಟೋಪಿ ತೆಗೆದಿಟ್ಟರು. ನಾನು ಚೀಟಿ ಕೀಳಲು ಕೈ ಎತ್ತಿದೆ.

"ತಡಿ," ಎಂದರು. ಮಂಜುಗಣ್ಣನ್ನು ಹತ್ತಿರ ತಂದು, ಬೆರಳನ್ನು ಅಕ್ಷರದ ಮೇಲೆ ಒಂದೊಂದಾಗಿ ಸರಿಸುತ್ತ, ಇಡೀ ಕೋಣೆಗೆ ಕೇಳುವ ಹಾಗೆ ಓದಿದರು: "ಇದು, ಕಂಪ್ಯೂಟರ್. ಚರ್ಚು, ಅಲ್ಲ. ಇಲ್ಲಿ, ಫೆರೆಂಜ್ ವರ್ಷ, ಮಾತ್ರ, ಹಾಕಬೇಕು. ಓದು, ಬಾರದವರು, ಮುಟ್ಟಬಾರದು."

ನನ್ನ ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಚಿಕ್ಕವಳಿದ್ದಾಗ ಅಕ್ಷರ ಕಲಿಸೋರು ಹಳ್ಳಿಗೆ ಬಂದಿದ್ರು," ಎಂದರು ನನ್ನ ಕಡೆ ತಿರುಗಿ. "ನಿಧಾನ. ಆದ್ರೆ ಕೊನೇವರೆಗೂ ಓದ್ತೀನಿ."

"ಕಿತ್ತುಹಾಕ್ತೀನಿ ಎತಿಯೆ."

"ಬೇಡ, ಇರಲಿ. ಒಳ್ಳೆ ಕೈಬರಹ." ನೂಲಿನ ಡಬ್ಬಿಯಿಂದ ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ ತೆಗೆದು ನನಗೆ ಕೊಟ್ಟರು. "ಬರೆದೋರ ಹೆಸರಿಲ್ಲ ನೋಡು ಇದರಲ್ಲಿ. ಹಾಕು."

ಹಾಕಿದೆ. ಗೆಟ್ನೆತ್ ಎಂದು. ಎಂಜಿನಿಯರ್ ಎಂದು ಸೇರಿಸಲಿಲ್ಲ.

ನಲವತ್ತು ಲಂಗಗಳೂ ಹಬ್ಬಕ್ಕೆ ಮುಗಿದವು. ನಾನು ಹಾಕಿದ ಹೊಸ ಸೆಲ್ಲನ್ನು ಎತಿಯೆ ಹಬ್ಬದ ಮರುವಾರ ತೆಗೆಸಿಬಿಟ್ಟರು. "ಅದಕ್ಕೆ ದಿನಾ ನಾನೇ ಹೇಳ್ತೀನಿ," ಎಂದರು. ಸಹಿಯ ಅವಧಿ 2011ಕ್ಕೆ ಮುಗಿಯುವುದೆಂದು ನಾನು ವಿವರಿಸಿದ ಮೇಲೆ, ಪ್ರತಿ ಹೊಸ ವರ್ಷಕ್ಕೂ ಅವರು ಗೋಡೆಯ ಕ್ಯಾಲೆಂಡರ್ ಬದಲಾಯಿಸುತ್ತಾರೆ, ಕಂಪ್ಯೂಟರ್‌ನ 2010 ಬದಲಾಯಿಸುವುದಿಲ್ಲ. ಪಾಗುಮೆಯ ಐದು ದಿನ ಯಂತ್ರಕ್ಕೂ ಅವರಿಗೂ ಈಗಲೂ ರಜೆ.

ನಾನು ತಿಂಗಳಿಗೊಮ್ಮೆ ಹೋಗುತ್ತೇನೆ, ಕೆಲಸ ಇರಲಿ ಬಿಡಲಿ. ಕಾಫಿ ಆಗುತ್ತದೆ. ಮೂರನೆಯ ಸುತ್ತು ಮುಗಿಯುವ ತನಕ ಎತಿಯೆ ನನ್ನನ್ನು ಏಳಲು ಬಿಡುವುದಿಲ್ಲ. ಆ ಅಂಗಡಿಗೆ ಪ್ರತಿ ವರ್ಷ ಒಬ್ಬಿಬ್ಬರು ಹೊಸ ಹುಡುಗಿಯರು ಸೇರುತ್ತಾರೆ. ಸೇರಿದವರ ಕಣ್ಣು ಮೊದಲು ಹೋಗುವುದು ಮಾನಿಟರ್ ನೆತ್ತಿಯ ಹಳದಿಯಾದ ಚೀಟಿಗೆ. ಗಟ್ಟಿಯಾಗಿ ಓದುತ್ತಾರೆ, ನಗುತ್ತಾರೆ, ಆಮೇಲೆ ಕೆಳಗಿನ ಹೆಸರು ನೋಡಿ, "ಯಾರು ಎತಿಯೆ ಈ ಗೆಟ್ನೆತ್?" ಎಂದು ಕೇಳುತ್ತಾರೆ. ಎತಿಯೆ ತ್ರಿಂಗೊ ಸೂಜಿಗೆ ನೂಲು ಪೋಣಿಸುತ್ತ ಕಾಯುತ್ತಾರೆ. ನಾನು ಬಟ್ಟಲನ್ನು ಕೆಳಗಿಟ್ಟು, "ನಾನೇ" ಅನ್ನುತ್ತೇನೆ.